ಬಾಂಡ್‌ನ ಮುಖ ಬದಲಾದರೆ ಗಲಿಬಿಲಿ ಬೇಡ, ಜೋಡಿ ಹಾಕಿ ನೋಡಿ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಹತ್ತಿರದ ಹಳ್ಳಿ. ಮಳೆ ಹಿಡಿದ ಮೇಲೆ ಸಂಜೆ ಹೊತ್ತು ಮನೆಯವರೆಲ್ಲ ಕೂತು ಜೇಮ್ಸ್ ಬಾಂಡ್ ಚಿತ್ರಗಳನ್ನು ಮೊದಲಿನಿಂದ ನೋಡುತ್ತಿದ್ದೇವೆ. ಏಳು ಮುಗಿದಿವೆ. ಈಗ ದಿನಾ ವಾದ. ಚಿಕ್ಕಪ್ಪನಿಗೆ ಶಾನ್ ಕಾನರಿ ಬಿಟ್ಟರೆ ಬೇರೆ ಬಾಂಡ್ ಇಲ್ಲ. ಕಾಲೇಜಿಗೆ ಹೋಗುವ ಮಗಳಿಗೆ ಡೇನಿಯಲ್ ಕ್ರೇಗ್ ಒಬ್ಬರೇ ಬಾಂಡ್. ನನ್ನ ತಲೆನೋವು ಬೇರೆ. ಆರನೇ ಚಿತ್ರದಲ್ಲಿ ಬಾಂಡ್‌ನ ಮುಖವೇ ಬೇರೆ. ಅವನಿಗೆ ಮದುವೆಯಾಗುತ್ತದೆ, ಹೆಂಡತಿ ಸಾಯುತ್ತಾಳೆ. ಏಳನೆಯದರಲ್ಲಿ ಅವಳ ಸುದ್ದಿಯೇ ಇಲ್ಲ! ಜೇಮ್ಸ್ ಬಾಂಡ್ ಅನ್ನುವುದು ಒಬ್ಬ ಮನುಷ್ಯ ಅಲ್ಲ, ಆ ಕೆಲಸಕ್ಕೆ ಬಂದವರಿಗೆಲ್ಲ ಕೊಡುವ ಗುಪ್ತ ಹೆಸರು ಅಂತಾಳೆ ಮಗಳು. ಹೌದಾ? ಉಳಿದ ಚಿತ್ರಗಳನ್ನು ಹೇಗೆ ನೋಡಬೇಕು? ಚಿಕ್ಕಪ್ಪ ಇನ್ನೊಂದು ಕೇಳಿದ್ದಾರೆ: ನಮ್ಮ ರಾಜ್‌ಕುಮಾರ್ ಅವರ ಸಿಐಡಿ 999 ಬಾಂಡ್‌ನ ನಕಲಾ?

ಉತ್ತರ: ಮೊದಲು ಮಗಳ ವಾದ ತೆಗೆದುಕೊಳ್ಳುತ್ತೇನೆ. ಗುಪ್ತ ಹೆಸರು ಅನ್ನುವುದು ಜಾಣ ಊಹೆ. ಮುಖ ಯಾಕೆ ಬದಲಾಯಿತು, ವಯಸ್ಸು ಯಾಕೆ ಏರಲಿಲ್ಲ, ಎರಡಕ್ಕೂ ಒಂದೇ ಏಟಿಗೆ ಕಾರಣ ಸಿಗುತ್ತದೆ. ಆದರೆ ಚಿತ್ರಗಳು ಅದನ್ನು ಒಪ್ಪುವುದಿಲ್ಲ. ಆ ಊಹೆಯನ್ನು ಕೆಡಹುವವಳು ನೀವು ಕೇಳಿದ ಹೆಂಡತಿಯೇ.

1969ರ 'ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವಿಸ್'ನಲ್ಲಿ ಬಾಂಡ್ ಆದವರು ಜಾರ್ಜ್ ಲೇಜನ್‌ಬಿ. ಹೆಂಡತಿ ತೆರೇಸಾ, ಅಂದರೆ ಟ್ರೇಸಿಯ ಪಾತ್ರ ಡಯಾನಾ ರಿಗ್ ಅವರದು. ಈಗ 1977ಕ್ಕೆ ಬನ್ನಿ. 'ದಿ ಸ್ಪೈ ಹೂ ಲವ್ಡ್ ಮಿ'ಯಲ್ಲಿ ಬಾಂಡ್ ಪಾತ್ರ ರೋಜರ್ ಮೂರ್ ಅವರದು. ರಷ್ಯಾದ ಏಜೆಂಟ್ ಆನ್ಯಾ ಅವನ ಪೂರ್ವಾಪರ ಒಪ್ಪಿಸುತ್ತಾ ಹೋಗುತ್ತಾಳೆ. ಒಮ್ಮೆ ಮದುವೆಯಾಗಿತ್ತು, ಹೆಂಡತಿ ಕೊಲೆಯಾದಳು ಅನ್ನುವಷ್ಟರಲ್ಲಿ ಬಾಂಡ್ ಮಾತು ಕತ್ತರಿಸುತ್ತಾನೆ. 1981ರ 'ಫಾರ್ ಯುವರ್ ಐಸ್ ಓನ್ಲಿ' ಶುರುವಾಗುವುದೇ ಅವಳ ಸಮಾಧಿಯ ಎದುರು. ಕಲ್ಲಿನ ಮೇಲೆ ತೆರೇಸಾ ಬಾಂಡ್, 1943–1969 ಅಂತ ಕೆತ್ತಿದೆ. 1989ರ 'ಲೈಸೆನ್ಸ್ ಟು ಕಿಲ್'ನಲ್ಲಿ ಬಾಂಡ್ ಪಾತ್ರಕ್ಕೆ ಟಿಮೊಥಿ ಡಾಲ್ಟನ್ ಬಂದಿದ್ದರು. ಅಲ್ಲಿ ಗೆಳೆಯ ಫೀಲಿಕ್ಸ್ ಲೈಟರ್ ತನ್ನ ಮದುವೆಯ ದಿನ ಹೆಂಡತಿಗೆ ಹೇಳುತ್ತಾನೆ, ಇವನಿಗೂ ಒಮ್ಮೆ ಮದುವೆಯಾಗಿತ್ತು, ತುಂಬಾ ಹಿಂದೆ ಅಂತ. ಮುಖ ಮೂರು, ಹೆಂಡತಿ ಒಬ್ಬಳೇ. ಗುಪ್ತ ಹೆಸರಾಗಿದ್ದರೆ ಒಬ್ಬನ ಹೆಂಡತಿಗಾಗಿ ಇನ್ನೊಬ್ಬ ಯಾಕೆ ಸಮಾಧಿಗೆ ಹೂ ತರಬೇಕು?

ಕ್ರೇಗ್ ಅವರ ಐದು ಚಿತ್ರಗಳ ಲೆಕ್ಕ ಬೇರೆ. 2006ರ 'ಕ್ಯಾಸಿನೊ ರಾಯಲ್' ಎಲ್ಲವನ್ನೂ ಅಳಿಸಿ ಹೊಸದಾಗಿ ಶುರು ಮಾಡಿತು. ಅಲ್ಲಿ ಬಾಂಡ್‌ಗೆ ಆಗಷ್ಟೇ ಡಬಲ್ ಒ ದರ್ಜೆ, ಅಂದರೆ ಕೊಲ್ಲುವ ಅನುಮತಿ ಸಿಕ್ಕಿದೆ. ಆದರೂ ಮಗಳ ವಾದ ಅಲ್ಲಿಯೂ ನಿಲ್ಲುವುದಿಲ್ಲ. 2012ರ 'ಸ್ಕೈಫಾಲ್'ನಲ್ಲಿ ಅವನ ಅಪ್ಪ ಅಮ್ಮನ ಸಮಾಧಿ ಕಲ್ಲು ಕಾಣಿಸುತ್ತದೆ. ಅದರ ಮೇಲೂ ಬಾಂಡ್ ಅಂತಲೇ ಇದೆ. ಅದು ಹುಟ್ಟಿನಿಂದ ಬಂದ ಹೆಸರು. ಗೊಂದಲ ಆಗುವುದು ಜೂಡಿ ಡೆಂಚ್ ಅವರಿಂದ. ಪಿಯರ್ಸ್ ಬ್ರಾಸ್ನನ್ ಕಾಲದಲ್ಲೂ ಕ್ರೇಗ್ ಕಾಲದಲ್ಲೂ ಬಾಂಡ್‌ನ ಮೇಲಧಿಕಾರಿ 'ಎಂ' ಪಾತ್ರ ಅವರದೇ, 1995ರಿಂದ 2012ರವರೆಗೆ. ಕತೆಯ ಲೆಕ್ಕದಲ್ಲಿ ಇದು ಹೊಂದುವುದಿಲ್ಲ. ಆ ಪಾತ್ರಕ್ಕೆ ಅವರು ಅಷ್ಟು ಚೆನ್ನಾಗಿ ಒಪ್ಪಿದ್ದರು, ಬಿಟ್ಟುಕೊಡಲಿಲ್ಲ. ಅಷ್ಟೇ.

ಹಾಗಾದರೆ ಬಾಂಡ್ ಒಬ್ಬನೇನಾ? ನಮ್ಮ ಕಡೆಯವರಿಗೆ ಇದು ಕಷ್ಟದ ಪ್ರಶ್ನೆ ಆಗಬಾರದು. ಯಕ್ಷಗಾನದ ಗದಾಯುದ್ಧ ಪ್ರಸಂಗದಲ್ಲಿ ಈ ಸಲ ಒಬ್ಬರು ಕೌರವ ಮಾಡುತ್ತಾರೆ, ಮುಂದಿನ ಸಲ ಇನ್ನೊಬ್ಬರು. ಇವನು ಬೇರೆ ಕೌರವನಾ ಅಂತ ರಾತ್ರಿಯಿಡೀ ಆಟ ನೋಡಿದವರು ಯಾರೂ ಕೇಳುವುದಿಲ್ಲ. ಅವರ ಕೌರವ ಹೇಗಿದ್ದ, ಇವರ ಕೌರವ ಹೇಗಿದ್ದ ಅಂತ ಬೆಳಗಿನವರೆಗೆ ಮಾತಾಡುತ್ತಾರೆ. ಬಾಂಡ್ ನೋಡುವುದಕ್ಕೂ ಇದೇ ಕಣ್ಣು ಸಾಕು.

ನಿಮ್ಮ ಆರನೇ ಚಿತ್ರದಲ್ಲಿ ಇನ್ನೊಂದು ವಿಚಿತ್ರ ಇದೆ, ಗಮನಿಸಿದಿರಾ? ಐದನೆಯ 'ಯು ಓನ್ಲಿ ಲಿವ್ ಟ್ವೈಸ್'ನಲ್ಲಿ ಬಾಂಡ್ ಮತ್ತು ಅವನ ಪರಮ ಶತ್ರು ಬ್ಲೋಫೆಲ್ಡ್ ಎದುರುಬದುರು ನಿಂತಿದ್ದರು. ಆರನೆಯದರಲ್ಲಿ ಬಾಂಡ್ ಬೇರೆ ಹೆಸರಿಟ್ಟುಕೊಂಡು ಬ್ಲೋಫೆಲ್ಡ್‌ನ ಬೆಟ್ಟದ ಮನೆಗೆ ಹೋಗುತ್ತಾನೆ. ಬ್ಲೋಫೆಲ್ಡ್‌ಗೆ ಗುರುತೇ ಹತ್ತುವುದಿಲ್ಲ! ಇದಕ್ಕೆ ಕಾರಣ ಇಯಾನ್ ಫ್ಲೆಮಿಂಗ್ ಅವರ ಕಾದಂಬರಿಗಳ ಸಾಲು. ಪುಸ್ತಕದಲ್ಲಿ ಮದುವೆಯ ಕತೆ ಮೊದಲು, 1963ರಲ್ಲಿ ಬಂತು. ಜಪಾನಿನ ಕತೆ 1964ರಲ್ಲಿ. ಸಿನಿಮಾದವರು ಹಿಂದುಮುಂದು ಮಾಡಿದರು. ಮೊದಲ ಭೇಟಿಯ ಕತೆಯನ್ನು ಹಾಗೇ ಉಳಿಸಿಕೊಂಡರು. ಬ್ಲೋಫೆಲ್ಡ್‌ನ ಮುಖವೂ ಮೂರು ಚಿತ್ರಗಳಲ್ಲಿ ಮೂರು ಸಲ ಬದಲಾಗಿದೆ. ಈ ಸರಣಿ ಒಂದೇ ಉದ್ದ ಕತೆ ಹೇಳಲು ಹೊರಟದ್ದೇ ಅಲ್ಲ. ಇದನ್ನು ಒಪ್ಪಿಕೊಂಡರೆ ನಿಮ್ಮ ಅರ್ಧ ತಲೆನೋವು ಹೋಗುತ್ತದೆ.

ಕತೆಯ ಕೊಂಡಿ ಇಲ್ಲ ಅಂದಮೇಲೆ ಈ 25 ಚಿತ್ರಗಳನ್ನು ಹಿಡಿದಿಟ್ಟಿರುವುದು ಯಾವುದು? ಶಿವಮೊಗ್ಗದಲ್ಲಿ ಗೆಳೆಯರ ಜೊತೆ ಸಿನಿಮಾ ನೋಡಿ ಆಮೇಲೆ ಮಾತಾಡುವುದನ್ನು ಎಷ್ಟೋ ಕಾಲದಿಂದ ಮಾಡುತ್ತಾ ಬಂದಿದ್ದೇನೆ. ಬಾಂಡ್ ಬಗ್ಗೆ ಆದಷ್ಟು ವಾದ ಬೇರೆ ಯಾವುದರ ಬಗ್ಗೆಯೂ ಆಗಿಲ್ಲ. ಅದರಿಂದ ನನಗೆ ಗಟ್ಟಿಯಾದದ್ದು ಒಂದು ವಿಷಯ. ಇಲ್ಲಿ ಪ್ರತಿ ಚಿತ್ರವೂ ತನ್ನ ಹಿಂದಿನ ಚಿತ್ರಕ್ಕೆ ಕೊಟ್ಟ ಉತ್ತರ. ಒಂದು ಅತಿಯಾದರೆ ಮುಂದಿನದು ಕಡಿಮೆ ಮಾಡುತ್ತದೆ. ಒಂದು ಭಾರವಾದರೆ ಮುಂದಿನದು ಹಗುರವಾಗುತ್ತದೆ. ಹೀಗೆ ನೋಡಿದರೆ 'ಯಾವ ನಟ ದೊಡ್ಡವನು' ಅನ್ನುವ ಜಗಳಕ್ಕಿಂತ ಎಷ್ಟೋ ರುಚಿಯಾದ ಜಗಳ ಸಿಗುತ್ತದೆ.

ನೀವು ನೋಡಿ ಮುಗಿಸಿದ್ದರಲ್ಲೇ ತೋರಿಸುತ್ತೇನೆ. ಐದನೇ ಚಿತ್ರದಲ್ಲಿ ಜ್ವಾಲಾಮುಖಿಯ ಹೊಟ್ಟೆಯೊಳಗೆ ರಾಕೆಟ್ ನಿಲ್ದಾಣ ಇತ್ತಲ್ಲ? ಅದು ಕೆನ್ ಆಡಂ ಅವರು ಲಂಡನ್ ಹತ್ತಿರದ ಪೈನ್‌ವುಡ್ ಸ್ಟುಡಿಯೋದಲ್ಲಿ ಕಟ್ಟಿದ ಸೆಟ್. ಅದೊಂದಕ್ಕೇ ಸುಮಾರು 10 ಲಕ್ಷ ಡಾಲರ್ ಹಿಡಿಯಿತು. 1962ರ ಮೊದಲ ಚಿತ್ರ 'ಡಾಕ್ಟರ್ ನೋ' ಇಡಿಯಾಗಿ ತಯಾರಾದದ್ದು ಹೆಚ್ಚುಕಡಿಮೆ ಅಷ್ಟೇ ದುಡ್ಡಿನಲ್ಲಿ! ಅದಕ್ಕಿಂತ ದೊಡ್ಡದು ಇನ್ನೇನು ಮಾಡುವುದು? ಆರನೇ ಚಿತ್ರವನ್ನು ಪೀಟರ್ ಹಂಟ್ ಕೈಗೆ ಕೊಟ್ಟರು. ಮೊದಲ ಚಿತ್ರಗಳನ್ನು ಎಡಿಟ್ ಮಾಡಿದ್ದವರು ಅವರು. ಯಂತ್ರ ತಂತ್ರ ಎಲ್ಲ ಬದಿಗಿಟ್ಟು ಫ್ಲೆಮಿಂಗ್ ಬರೆದ ಕತೆಗೆ ಹತ್ತಿರ ಉಳಿದರು. ಬಾಂಡ್ ಹೆದರುತ್ತಾನೆ. ಓಡಿ ಸುಸ್ತಾಗಿ ಜನರ ನಡುವೆ ಬಚ್ಚಿಟ್ಟುಕೊಂಡು ಕೂರುತ್ತಾನೆ. ಅಲ್ಲಿಗೆ ಟ್ರೇಸಿ ಬಂದು ಅವನನ್ನು ಕಾಪಾಡುತ್ತಾಳೆ. ಕೊನೆಯಲ್ಲಿ ಕಾರಿನ ಗಾಜಿನಲ್ಲಿ ಒಂದು ಗುಂಡಿನ ತೂತು. ಅವನು ಅವಳ ತಲೆಯನ್ನು ಎದೆಗೆ ಒತ್ತಿ ಹಿಡಿದು, ಬಂದ ಪೊಲೀಸನಿಗೆ ಏನೂ ಆಗಿಲ್ಲ ಅನ್ನುವ ಹಾಗೆ ಮೆಲ್ಲಗೆ ಮಾತಾಡುತ್ತಾನೆ. ಇಡೀ ಸರಣಿಯಲ್ಲಿ ಇದಕ್ಕಿಂತ ಒಳ್ಳೆಯ ಕೊನೆ ನನಗೆ ಗೊತ್ತಿಲ್ಲ. ಲೇಜನ್‌ಬಿ ಆಗ 29ರ ಹುಡುಗ, ಮಾಡೆಲ್ ಆಗಿದ್ದವರು, ಅನುಭವ ಇಲ್ಲದವರು. ಆದರೂ ಆ ಕ್ಷಣವನ್ನು ಅವರು ನಿಭಾಯಿಸಿದರು. ಚಿಕ್ಕಪ್ಪನವರು ಕೋಪ ಮಾಡಿಕೊಂಡರೂ ಪರವಾಗಿಲ್ಲ, ಆ ದೃಶ್ಯಕ್ಕೆ ಕಾನರಿ ಇದ್ದಿದ್ದರೆ ಅಷ್ಟು ನಾಟುತ್ತಿರಲಿಲ್ಲ ಅಂತಲೇ ನನ್ನ ಅಭಿಪ್ರಾಯ. ಕಾನರಿಯ ಬಾಂಡ್‌ಗೆ ಸೋಲು ಅಂಟುವುದಿಲ್ಲ.

ಆ ಚಿತ್ರ ಹಿಂದಿನದರಷ್ಟು ದುಡ್ಡು ಮಾಡಲಿಲ್ಲ. ನಿರ್ಮಾಪಕರು ಗಾಬರಿಯಾಗಿ 12.5 ಲಕ್ಷ ಡಾಲರ್ ಕೊಟ್ಟು ಕಾನರಿಯನ್ನು ವಾಪಸ್ ಕರೆಸಿದರು. ಅವರು ಆ ದುಡ್ಡನ್ನು ತಮ್ಮ ಸ್ಕಾಟ್ಲೆಂಡಿನ ಶಿಕ್ಷಣ ಟ್ರಸ್ಟಿಗೆ ಕೊಟ್ಟರು, ಚಿಕ್ಕಪ್ಪನಿಗೆ ಇದನ್ನು ಹೇಳಿ. 'ಗೋಲ್ಡ್‌ಫಿಂಗರ್' ಮಾಡಿದ್ದ ಗೈ ಹ್ಯಾಮಿಲ್ಟನ್ ಅವರನ್ನೇ ಮತ್ತೆ ನಿರ್ದೇಶನಕ್ಕೆ ಕೂರಿಸಿದರು. ಏಳನೇ ಚಿತ್ರ 'ಡೈಮಂಡ್ಸ್ ಆರ್ ಫಾರೆವರ್' ನಗು ತಮಾಷೆಯ ಚಿತ್ರವಾಯಿತು. ಶುರುವಿನಲ್ಲಿ ಬಾಂಡ್ ಸಿಟ್ಟಿನಿಂದ ಬ್ಲೋಫೆಲ್ಡ್‌ನನ್ನು ಹುಡುಕುತ್ತಾನೆ, ಆದರೆ ಯಾಕೆ ಅಂತ ಒಂದು ಮಾತಿಲ್ಲ. ಟ್ರೇಸಿ ಸುದ್ದಿ ಬಂದಿದ್ದರೆ ಜನರಿಗೆ ಆ ಕಡಿಮೆ ದುಡ್ಡು ಮಾಡಿದ ಚಿತ್ರ ನೆನಪಾಗುತ್ತಿತ್ತು. ನಿಮ್ಮ ಪ್ರಶ್ನೆಗೆ ನಿಜವಾದ ಉತ್ತರ ಇದು. ಅವಳನ್ನು ಮರೆತದ್ದು ಬಾಂಡ್ ಅಲ್ಲ, ನಿರ್ಮಾಪಕರು. ನನಗೆ ಇದು ಇವತ್ತಿಗೂ ಬೇಸರದ ಸಂಗತಿ.

ಈಗ ಉಳಿದ 18ರ ಮಾತು. ಒಂದಾದ ಮೇಲೊಂದು ನೋಡುತ್ತಾ ಹೋದರೆ ಎಂಬತ್ತರ ದಶಕ ಬರುವಷ್ಟರಲ್ಲಿ ಮನೆಯವರು ಒಬ್ಬೊಬ್ಬರೇ ಎದ್ದು ಹೋಗುತ್ತಾರೆ. ಜೋಡಿ ಮಾಡಿ ನೋಡಿ. ಒಂದು ಸಂಜೆ ಅತಿಯಾದದ್ದು, ಮರುದಿನ ಅದಕ್ಕೆ ಉತ್ತರ.

ಮೂರ್ ಕಾಲದಲ್ಲಿ ಬಿಡಲೇಬಾರದ ಜೋಡಿ 'ಮೂನ್‌ರೇಕರ್' ಮತ್ತು 'ಫಾರ್ ಯುವರ್ ಐಸ್ ಓನ್ಲಿ'. 'ದಿ ಸ್ಪೈ ಹೂ ಲವ್ಡ್ ಮಿ' ಕೊನೆಯಲ್ಲಿ ಮುಂದಿನ ಚಿತ್ರ 'ಫಾರ್ ಯುವರ್ ಐಸ್ ಓನ್ಲಿ' ಅಂತಲೇ ಬರೆದಿದೆ, ನೋಡಿ. ಆದರೆ ಅದೇ 1977ರಲ್ಲಿ 'ಸ್ಟಾರ್ ವಾರ್ಸ್' ಬಂದು ಎಲ್ಲರೂ ಆಕಾಶ ನೋಡುವ ಹಾಗಾಯಿತು. ಇವರೂ ಮನಸ್ಸು ಬದಲಾಯಿಸಿ 1979ರಲ್ಲಿ ಬಾಂಡ್‌ನನ್ನು ಬಾಹ್ಯಾಕಾಶಕ್ಕೆ ಕಳಿಸಿದರು. ಆಮೇಲೆ ಇನ್ನೆಲ್ಲಿಗೆ? ಭೂಮಿಗೇ ಇಳಿಯಬೇಕು. ಇಳಿಸಿದವರು ಜಾನ್ ಗ್ಲೆನ್. ಅವರೂ ಎಡಿಟಿಂಗ್‌ನಿಂದ ಬಂದವರು, ಟ್ರೇಸಿಯ ಚಿತ್ರದಲ್ಲಿ ಹಂಟ್ ಜೊತೆ ಕೆಲಸ ಮಾಡಿದವರು. 'ಫಾರ್ ಯುವರ್ ಐಸ್ ಓನ್ಲಿ'ಯಲ್ಲಿ ಒಂದು ಕಡೆ ಸರಿಯಾಗಿ ಗಮನಿಸಿ. ಬಾಂಡ್‌ನ ಬಿಳಿ ಲೋಟಸ್ ಕಾರಿನ ಗಾಜನ್ನು ಒಬ್ಬ ಕಾವಲಿನವನು ಒಡೆಯುತ್ತಾನೆ. ಕಾರು ಅಲ್ಲೇ ಸ್ಫೋಟವಾಗುತ್ತದೆ. ಹಿಂದೊಂದು ಚಿತ್ರದಲ್ಲಿ ಸಮುದ್ರದೊಳಗೆ ಓಡಾಡಿದ ಕಾರು ಲೋಟಸ್‌ನದೇ! ಈಗ ಬಾಂಡ್ ತಪ್ಪಿಸಿಕೊಳ್ಳಬೇಕಾದದ್ದು ನಾಯಕಿಯ ಪುಟ್ಟ ಸಿಟ್ರೊಯೆನ್‌ನಲ್ಲಿ. ಆ ಕಾರು ಗುಡ್ಡದ ಇಳಿಜಾರಿನಲ್ಲಿ, ಆಲಿವ್ ಮರಗಳ ನಡುವೆ ಎದ್ದು ಬಿದ್ದು ಓಡುತ್ತದೆ. ಒಂದೂ ಮಾತಿಲ್ಲದೆ ನಿರ್ದೇಶಕರು ಹೇಳಿಬಿಟ್ಟರು, ಯಂತ್ರದ ಕಾಲ ಮುಗಿಯಿತು ಅಂತ. ಇಂಥದ್ದನ್ನು ಕಂಡರೆ ಟಿವಿ ನಿಲ್ಲಿಸಿ ಅಲ್ಲೇ ಮಾತಾಡಿ.

ಇನ್ನೊಂದು ಜೋಡಿ 2002ರ 'ಡೈ ಅನದರ್ ಡೇ' ಮತ್ತು 2006ರ 'ಕ್ಯಾಸಿನೊ ರಾಯಲ್'. ಮಗಳು ಎರಡನೆಯದನ್ನು ನೋಡಿರುತ್ತಾಳೆ, ಮೊದಲನೆಯದನ್ನು ಪೂರ್ತಿ ನೋಡಿರುವುದು ಅನುಮಾನ. ಮೊದಲನೆಯದರಲ್ಲಿ ಕಣ್ಣಿಗೆ ಕಾಣದ ಕಾರು ಇದೆ, ಮಂಜುಗಡ್ಡೆಯ ಅರಮನೆ ಇದೆ, ಕಂಪ್ಯೂಟರಿನಲ್ಲಿ ಮಾಡಿದ ದೈತ್ಯ ಅಲೆಯ ಮೇಲೆ ಬಾಂಡ್ ಜಾರಿಕೊಂಡು ಹೋಗುವುದಿದೆ. ಎರಡನೆಯದು ಕಪ್ಪು ಬಿಳುಪಿನಲ್ಲಿ ಶುರುವಾಗುತ್ತದೆ. ಬಚ್ಚಲುಮನೆಯಲ್ಲಿ ಒಬ್ಬನನ್ನು ಕೊಲ್ಲಲು ಬಾಂಡ್ ಒದ್ದಾಡುತ್ತಾನೆ. ಸಿಂಕು ಒಡೆಯುತ್ತದೆ, ಏದುಸಿರು ಕೇಳಿಸುತ್ತದೆ. ಸ್ವಲ್ಪ ಮುಂದೆ ಓಡಿಸಿಕೊಂಡು ಹೋಗುವ ದೃಶ್ಯ. ಮುಂದೆ ಓಡುವವನು ಗೋಡೆಯ ಮೇಲಿನ ಸಣ್ಣ ಕಿಂಡಿಯಲ್ಲಿ ನುಸುಳಿ ಹೋಗುತ್ತಾನೆ. ಹಿಂದೆ ಬಂದ ಬಾಂಡ್‌ಗೆ ಅಷ್ಟು ನಾಜೂಕು ಗೊತ್ತಿಲ್ಲ. ಗೋಡೆಯನ್ನೇ ಒಡೆದುಕೊಂಡು ಹೊರಬರುತ್ತಾನೆ. ಈ ಬಾಂಡ್ ಎಂಥವನು ಅಂತ ತಿಳಿಯಲು ಅಷ್ಟು ಸಾಕು. ಮುಂದೆ ಬಾರಿನವನು ಮಾರ್ಟಿನಿ ಹೇಗೆ ಬೇಕು ಅಂತ ಕೇಳಿದಾಗ ಇವನು ಸಿಡುಕುತ್ತಾನೆ, ಹೇಗಿದ್ದರೂ ನನಗೇನು ಅನ್ನುವ ಅರ್ಥದಲ್ಲಿ. ಹಳೆಯ ಬಾಂಡ್‌ಗೆ ಆ ಮದ್ಯ ಕಲಕದೆ ಕುಲುಕಿಯೇ ಕೊಡಬೇಕಿತ್ತು. ನೀವು ಆ ಏಳು ಹಳೆಯ ಚಿತ್ರ ನೋಡಿರುವುದರಿಂದ ಆ ಸಿಡುಕು ನಿಮಗೆ ಪೂರ್ತಿ ದಕ್ಕುತ್ತದೆ. ಮಗಳಿಗೆ ಇದನ್ನು ಹೇಳಿ. ಕ್ರೇಗ್ ದೊಡ್ಡವರಾಗಿ ಕಾಣುವುದು ಅವರ ಹಿಂದೆ 20 ಚಿತ್ರ ಇರುವುದರಿಂದ. ಇನ್ನೊಂದು ವಿಷಯ, ಇದನ್ನು ನಿರ್ದೇಶಿಸಿದ ಮಾರ್ಟಿನ್ ಕ್ಯಾಂಪ್‌ಬೆಲ್ ಅವರೇ 1995ರಲ್ಲಿ 'ಗೋಲ್ಡನ್‌ಐ' ಮಾಡಿ ಬ್ರಾಸ್ನನ್ ಅವರನ್ನೂ ತಂದವರು.

ಮೂರ್ ಅವರ ಕೊನೆಯ 'ಎ ವ್ಯೂ ಟು ಎ ಕಿಲ್' ಬಂದಾಗ ಅವರಿಗೆ 57. ಅದರ ಬೆನ್ನಿಗೆ ಡಾಲ್ಟನ್ ಅವರ 'ದಿ ಲಿವಿಂಗ್ ಡೇಲೈಟ್ಸ್' ಇಡಿ. ಡಾಲ್ಟನ್‌ಗೆ ಸಿಕ್ಕಿದ್ದು ಎರಡೇ ಚಿತ್ರ. ಆಮೇಲೆ ಕೋರ್ಟು ಕಚೇರಿ ಗಲಾಟೆಯಲ್ಲಿ ಆರು ವರ್ಷ ಸರಣಿಯೇ ನಿಂತಿತು. ಕ್ರೇಗ್ ಮಾಡಿದ ಗಡಸು ಬಾಂಡ್‌ಗೆ ದಾರಿ ತೋರಿಸಿದವರು ಅವರು ಅಂತ ನಾನು ನಂಬಿದ್ದೇನೆ, ಅವರಿಗೆ ಸಲ್ಲಬೇಕಾದ ಹೆಸರು ಸಂದಿಲ್ಲ. ಕ್ರೇಗ್ ಅವರ ಐದನ್ನು ಮಾತ್ರ ಸಾಲು ತಪ್ಪಿಸಬೇಡಿ, ಅಲ್ಲಿ ಕತೆ ಒಂದರಿಂದ ಒಂದಕ್ಕೆ ಹರಿಯುತ್ತದೆ. ಐದನೆಯದಾದ 'ನೋ ಟೈಮ್ ಟು ಡೈ' ನೋಡುವ ಹಿಂದಿನ ದಿನ ಟ್ರೇಸಿಯ ಚಿತ್ರವನ್ನು ಇನ್ನೊಮ್ಮೆ ಹಾಕಿ. ಯಾಕೆ ಅಂತ ಈಗಲೇ ಹೇಳಿದರೆ ಕೆಟ್ಟುಹೋಗುತ್ತದೆ. ಅದರಲ್ಲಿ ಲೂಯಿ ಆರ್ಮ್‌ಸ್ಟ್ರಾಂಗ್ ಹಾಡಿದ ಹಾಡನ್ನು ನೆನಪಿಟ್ಟುಕೊಳ್ಳಿ, ಅಷ್ಟು ಸಾಕು.

ನೋಡುವ ವಿಧಾನದ ಬಗ್ಗೆ ಒಂದು ಮಾತು. ನಮ್ಮ ಮಳೆಯಲ್ಲಿ ಹಂಚಿನ ಮೇಲೋ ಶೀಟಿನ ಮೇಲೋ ಜಡಿ ಹೊಡೆಯುವಾಗ ಮಾತು ಕೇಳಿಸುವುದಿಲ್ಲ. ಸೌಂಡ್ ಜಾಸ್ತಿ ಮಾಡಿದರೆ ಗುಂಡಿನ ಸದ್ದಿಗೆ ಮನೆ ನಡುಗುತ್ತದೆ. ಸಬ್‌ಟೈಟಲ್ ಹಾಕಿಕೊಳ್ಳಿ. ಮೆಲುದನಿಯ ದೃಶ್ಯಗಳಿಗೆ ಮಳೆ ಸ್ವಲ್ಪ ಹೊಳವಾಗುವವರೆಗೆ ಕಾಯಿರಿ. ಎರಡನೇ ಚಿತ್ರ 'ಫ್ರಮ್ ರಷ್ಯಾ ವಿತ್ ಲವ್'ನ ರೈಲಿನ ಹೊಡೆದಾಟವನ್ನು ಇನ್ನೊಮ್ಮೆ ನೋಡಿ ಅಂತಲೂ ಹೇಳುತ್ತೇನೆ. ಹೊಡೆದಾಟದಲ್ಲಿ ಸಂಗೀತ ಇಲ್ಲ. ಕತ್ತಲು, ರೈಲಿನ ಸದ್ದು, ಇಕ್ಕಟ್ಟಿನ ಕೋಣೆ, ಇಬ್ಬರು. ಅಂಥದ್ದು ಕಿವಿಗೆ ಬೀಳದಿದ್ದರೆ ಅರ್ಧ ಹೋಯಿತು. ಸಂಗೀತದ ಮಾತು ಬಂತು, ಒಂದು ಹೇಳಿಬಿಡುತ್ತೇನೆ. ಎಲ್ಲರ ಬಾಯಲ್ಲಿ ಇರುವ ಆ ಬಾಂಡ್ ಟ್ಯೂನ್ ಹುಟ್ಟಿದ್ದು ಭಾರತ ಮೂಲದ ಒಂದು ಕುಟುಂಬದ ಕತೆಗೆ. ವಿ.ಎಸ್. ನೈಪಾಲ್ ಅವರ 'ಎ ಹೌಸ್ ಫಾರ್ ಮಿಸ್ಟರ್ ಬಿಸ್ವಾಸ್' ಕಾದಂಬರಿಯನ್ನು ರಂಗಕ್ಕೆ ತರುವ ಯೋಜನೆಗೆ ಮಾಂಟಿ ನಾರ್ಮನ್ ಒಂದು ಹಾಡು ಮಾಡಿದ್ದರು. ಅದನ್ನೇ ಬಾಂಡ್‌ಗೆ ತಿರುಗಿಸಿಕೊಂಡರು. ಜಾನ್ ಬ್ಯಾರಿ ಅದಕ್ಕೆ ಗಿಟಾರಿನ ಗತ್ತು ಕೊಟ್ಟರು.

ಹೆಗ್ಗೋಡಿನ ನೀನಾಸಂನವರು ನಮ್ಮ ಜಿಲ್ಲೆಯ ಹಳ್ಳಿಯ ಜನರಿಗೆ ಜಗತ್ತಿನ ದೊಡ್ಡ ದೊಡ್ಡ ಚಿತ್ರ ತೋರಿಸಿದರು, ರಸಗ್ರಹಣ ಶಿಬಿರ ನಡೆಸಿದರು. ನೋಡಿದ್ದರ ಬಗ್ಗೆ ಕೂತು ಮಾತಾಡುವ ರೂಢಿ ಇಲ್ಲಿ ಗಟ್ಟಿಯಾಗಲು ಅದೂ ಒಂದು ಕಾರಣ. ಅದನ್ನು ಬಾಂಡ್‌ಗೂ ತನ್ನಿ. ಇಷ್ಟ ಆಯಿತಾ ಇಲ್ಲವಾ ಅಂತ ಮೊದಲು ಕೇಳಬೇಡಿ. ಏನು ಕಂಡಿತು, ಏನು ಕೇಳಿಸಿತು ಅಂತ ಕೇಳಿ. ಕರೆಂಟು ಹೋಗಿ ಅರ್ಧಕ್ಕೆ ನಿಂತರೆ ಅದೇ ಒಳ್ಳೆಯ ಹೊತ್ತು. ಮುಂದೇನಾಗುತ್ತದೆ, ಯಾಕೆ ಹಾಗನ್ನಿಸಿತು ಅಂತ ಒಬ್ಬೊಬ್ಬರೂ ಹೇಳಲಿ.

ಎಲ್ಲವನ್ನೂ ಹೊಗಳಿಕೊಂಡು ನೋಡಬೇಕಾಗಿಲ್ಲ. 'ಗೋಲ್ಡ್‌ಫಿಂಗರ್'ನ ಕೊಟ್ಟಿಗೆಯ ದೃಶ್ಯದಲ್ಲಿ ನಾಯಕಿ ಬೇಡ ಅಂದು ತಳ್ಳುತ್ತಿದ್ದರೂ ಬಾಂಡ್ ಬಿಡುವುದಿಲ್ಲ. ಚಿತ್ರ ಅದನ್ನು ಪ್ರೇಮ ಅಂತ ತೋರಿಸುತ್ತದೆ. ಅದು ಪ್ರೇಮ ಅಲ್ಲ, ಬಲವಂತ. ಮಗಳು ಇದನ್ನು ಎತ್ತಿದರೆ 'ಆ ಕಾಲ ಹಾಗಿತ್ತು' ಅಂತ ಬಾಯಿ ಮುಚ್ಚಿಸಬೇಡಿ. 1983ರ 'ಆಕ್ಟೋಪಸಿ' ಬಂದಾಗ ನಮ್ಮ ಸರದಿ. ಉದಯಪುರದ ಸರೋವರದ ಅರಮನೆ, ಬೆಟ್ಟದ ಮೇಲಿನ ಸಜ್ಜನಗಢ ಎಲ್ಲ ಚೆಂದ. ಕಬೀರ್ ಬೇಡಿ ಇದ್ದಾರೆ, ಟೆನಿಸ್ ಆಟಗಾರ ವಿಜಯ್ ಅಮೃತರಾಜ್ ರ‍್ಯಾಕೆಟ್ ಹಿಡಿದು ಹೊಡೆದಾಡುತ್ತಾರೆ, ಆಟೋ ಹಾರುತ್ತದೆ. ಆದರೆ ಬೀದಿಯ ತುಂಬ ಮೊಳೆಯ ಹಾಸಿಗೆ, ಕೆಂಡ, ಕತ್ತಿ ನುಂಗುವವರು. ತನ್ನ ಜೊತೆ ಕೆಲಸ ಮಾಡುವ ಭಾರತೀಯನ ಕೈಗೆ ದುಡ್ಡು ಇಟ್ಟು, ಕೆಲವು ವಾರ ಸಾರು ಮಾಡಿಕೊಳ್ಳಲು ಆಯಿತು ಅನ್ನುವ ಅರ್ಥದ ಮಾತಾಡುತ್ತಾನೆ ಬಾಂಡ್. ನನಗೆ ಅದು ಇವತ್ತಿಗೂ ಕುಟುಕುತ್ತದೆ. ಆ ಚಿತ್ರವನ್ನು ಬಿಡಬೇಡಿ, ನೋಡಿಯೇ ಜಗಳ ಆಡಿ.

ಅದೇ 1983ರಿಂದ ಇನ್ನೊಂದು ಲೆಕ್ಕದ ಜಗಳ ಹುಟ್ಟುತ್ತದೆ. ಚಿಕ್ಕಪ್ಪ ಕಾನರಿಯದು ಏಳು ಅಂತಾರೆ, ಮಗಳು ಆರು ಅಂತಾಳೆ, ಅಲ್ವಾ? ಇಬ್ಬರೂ ಸರಿ. 'ಥಂಡರ್‌ಬಾಲ್' ಕತೆಯನ್ನು ಫ್ಲೆಮಿಂಗ್ ಬೇರೆಯವರ ಜೊತೆ ಸಿನಿಮಾಕ್ಕಾಗಿ ಹೊಸೆದಿದ್ದರು, ಆಮೇಲೆ ಅದನ್ನು ತಮ್ಮ ಕಾದಂಬರಿ ಮಾಡಿಕೊಂಡರು. ವಿಷಯ ಕೋರ್ಟಿಗೆ ಹೋಗಿ ಸಿನಿಮಾ ಹಕ್ಕು ಕೆವಿನ್ ಮೆಕ್ಲೋರಿ ಅವರಿಗೆ ಬಂತು. ಅದೇ ಕತೆ 1983ರಲ್ಲಿ 'ನೆವರ್ ಸೇ ನೆವರ್ ಅಗೇನ್' ಆಗಿ ಬೇರೆ ಕಂಪನಿಯಿಂದ ಬಂತು, ಕಾನರಿಯೇ ನಾಯಕ. 25ರ ಲೆಕ್ಕಕ್ಕೆ ಅದು ಸೇರುವುದಿಲ್ಲ. ಕಾನರಿಯ ಲೆಕ್ಕಕ್ಕೆ ಸೇರುತ್ತದೆ.

ಮುಂದಿನ ಬಾಂಡ್ ಯಾರು ಅನ್ನುವ ವಾದವೂ ನಿಮ್ಮ ಮನೆಗೆ ಬಂದೇ ಬರುತ್ತದೆ. 2025ರಲ್ಲಿ ಸರಣಿಯ ಹಿಡಿತ ಅಮೆಜಾನ್ ಕೈಗೆ ಹೋಗಿದೆ, ನಿರ್ದೇಶಕರಾಗಿ ಡೆನಿ ವಿಲ್‌ನವ್ ಹೆಸರು ಘೋಷಣೆಯಾಗಿದೆ. ನಟನ ಹೆಸರಿಗಿಂತ, 'ನೋ ಟೈಮ್ ಟು ಡೈ' ಕೊನೆಗೆ ಇವರು ಏನು ಉತ್ತರ ಕೊಡುತ್ತಾರೆ ಅನ್ನುವುದೇ ನನಗೆ ಕುತೂಹಲ.

ಇನ್ನು ಚಿಕ್ಕಪ್ಪನ ಪ್ರಶ್ನೆ. ಸಿಐಡಿ 999ರ ಮೊದಲ ಚಿತ್ರ, ನಿರ್ದೇಶಕರಾದ ದೊರೈ–ಭಗವಾನ್ ಜೋಡಿಯ 'ಜೇಡರ ಬಲೆ' ಬಂದದ್ದು 1968ರಲ್ಲಿ. ಅಷ್ಟರಲ್ಲಿ ಕಾನರಿಯ ಐದು ಚಿತ್ರ ಬಂದಾಗಿತ್ತು. ಅಂಕಿಯ ಹೆಸರು, ಸೂಟು, ಅಡಗುತಾಣ, ಸಂಚು ಎಲ್ಲದಕ್ಕೂ ಅಚ್ಚು ಬಾಂಡ್‌ನದೇ, ಮುಚ್ಚಿಡುವಂಥದ್ದು ಏನೂ ಇಲ್ಲ. ಆದರೆ ನಕಲು ಅಂದರೆ ನಾನು ಒಪ್ಪುವುದಿಲ್ಲ. ಬಾಂಡ್ ಸರಣಿಯಲ್ಲಿ ಪಾತ್ರ ದೊಡ್ಡದು, ಅದಕ್ಕೆ ತಕ್ಕ ನಟನನ್ನು ಹುಡುಕುತ್ತಾರೆ. ಇಲ್ಲಿ ನಟ ದೊಡ್ಡವರು, ಪಾತ್ರ ಅವರಿಗೆ ತಕ್ಕಂತೆ ಬಗ್ಗಬೇಕಿತ್ತು. ಅದೇ 1968ರಲ್ಲಿ ರಾಜ್‌ಕುಮಾರ್ ತ್ರಿವೇಣಿಯವರ ಕಾದಂಬರಿಯ 'ಹಣ್ಣೆಲೆ ಚಿಗುರಿದಾಗ' ಮಾಡಿದ್ದಾರೆ. ಇದೇ ದೊರೈ–ಭಗವಾನ್ ಮೂರು ವರ್ಷದ ಮೇಲೆ 'ಕಸ್ತೂರಿ ನಿವಾಸ' ಮಾಡಿದರು. ಹಾಗಾಗಿ 999ಕ್ಕೆ ಬಾಂಡ್‌ನ ಕ್ರೌರ್ಯ ಬರಲಿಲ್ಲ. ನೋಡುವವರು ಅವರಿಂದ ಅದನ್ನು ಬಯಸಲೂ ಇಲ್ಲ.

'ಗೋವಾದಲ್ಲಿ ಸಿಐಡಿ 999', 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999', ಆಮೇಲೆ 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'. ನಾಲ್ಕೂ ಚಿತ್ರ ಅದೇ ನಿರ್ದೇಶಕರದು, ನಾಲ್ಕರಲ್ಲೂ ಅದೇ ನಾಯಕ. ಬಾಂಡ್‌ಗೆ ಆ ಭಾಗ್ಯ ಇರಲಿಲ್ಲ. ಮೊದಲನೆಯದನ್ನೂ ಕೊನೆಯದನ್ನೂ ಜೋಡಿ ಮಾಡಿ ಹಾಕಿ. ಒಂದು ಕಪ್ಪು ಬಿಳುಪು, ಇನ್ನೊಂದು ಬಣ್ಣದ್ದು. ಮೊದಲನೆಯದರ ಹೊತ್ತಿಗೆ ರಾಜ್‌ಕುಮಾರ್‌ಗೆ ಪಿ.ಬಿ. ಶ್ರೀನಿವಾಸ್ ದನಿ ಕೊಡುತ್ತಿದ್ದರು. ಕೊನೆಯದರ ಹೊತ್ತಿಗೆ ತಾವೇ ಹಾಡುತ್ತಿದ್ದರು. 'ಇಫ್ ಯು ಕಮ್ ಟುಡೇ' ಅಂತ ಇಂಗ್ಲಿಷಿನಲ್ಲಿ ಹಾಡುವುದು ಅದರಲ್ಲೇ. ಆ ಹಾಡು ಬಂದಾಗ ಚಿಕ್ಕಪ್ಪನನ್ನೂ ಮಗಳನ್ನೂ ಒಂದೇ ಪ್ರಶ್ನೆ ಕೇಳಿ: ಈ ಹತ್ತು ವರ್ಷದಲ್ಲಿ 999 ಬದಲಾದನಾ, ರಾಜ್‌ಕುಮಾರ್ ಬದಲಾದರಾ? ಅವರು ಏನು ಹೇಳಿದರು ಅಂತ ನನಗೂ ಬರೆದು ತಿಳಿಸಿ.